‘ಆಡ್’ ಉಪಸರ್ಗದ ವಿಪರೀತ ವಿನಯ: ಒಂದು ಶಾಸ್ತ್ರೀಯ ವಿಚಾರಣೆ

ಲ್ಯಾಟಿನ್ನಿನಿಂದ ಬಂದು ಇಂಗ್ಲಿಷಿನಲ್ಲಿ ನೆಲೆಸಿದ ಉಪಸರ್ಗಗಳಲ್ಲಿ ‘ಆಡ್’ನ ನಡತೆಯಷ್ಟು ಸಂಶಯಾಸ್ಪದವಾದದ್ದು ಇನ್ನೊಂದಿಲ್ಲ. ‘ಪ್ರೀ’, ‘ಪೋಸ್ಟ್’ ಮೊದಲಾದವು ಯಾರ ಮನೆಗೆ ಹೋದರೂ ಬಹುಮಟ್ಟಿಗೆ ತಮ್ಮ ಹೆಸರಿನಲ್ಲೇ ಹೋಗುತ್ತವೆ. ‘ಕಡೆಗೆ’, ‘ಬಳಿಗೆ’ ಎಂಬಷ್ಟೇ ಅರ್ಥವುಳ್ಳ ‘ಆಡ್’ ಮಾತ್ರ ಎದುರಿಗೆ ಯಾರಿದ್ದಾರೆಂದು ಮೊದಲು ನೋಡುತ್ತದೆ, ಆಮೇಲೆ ತನ್ನ ಹೆಸರು ಹೇಳುತ್ತದೆ. ಎದುರಿನ ಧಾತು ‘ಸಿ’ಯಿಂದ ಶುರುವಾದರೆ ತನ್ನ ‘ಡಿ’ಯನ್ನು ಕಳಚಿಟ್ಟು ‘ಸಿ’ಯನ್ನೇ ತೊಡುತ್ತದೆ, ‘ಜಿ’ ಇದ್ದರೆ ‘ಜಿ’, ‘ಎಫ್’ ಇದ್ದರೆ ‘ಎಫ್’. ಅಕ್ಯೂಸ್, ಅಫ್ಲಿಕ್ಟ್, ಅಗ್ರೆಶನ್, ಅನೆಕ್ಸ್, ಅರೆಸ್ಟ್, ಅಸಾಲ್ಟ್, ಅಟೆಂಡ್ ಇವೆಲ್ಲವೂ ಈ ವೇಷಾಂತರದ ಫಲ. ಇಂಗ್ಲಿಷಿನವರು ಈ ಜೋಡಿ ಅಕ್ಷರಗಳನ್ನು ಎರಡು ಸಲ ಬರೆದು ಒಂದೇ ಸಲ ಉಚ್ಚರಿಸುತ್ತಾರೆ. ಉಳಿದ ಒಂದರ ಬಾಕಿಯನ್ನು ಶಾಲಾಮಕ್ಕಳು ಕಾಪಿಪುಸ್ತಕದ ಕೆಂಪು ಶಾಯಿಯಲ್ಲಿ ತೀರಿಸುತ್ತಾರೆ. ವೈಯಾಕರಣರು ಈ ವ್ಯವಹಾರಕ್ಕೆ ‘ಅಸಿಮಿಲೇಶನ್’ ಎಂದು ಹೆಸರಿಟ್ಟು ಕೈತೊಳೆದುಕೊಂಡರು. ಆ ಹೆಸರನ್ನು ಬಿಡಿಸಿದರೆ ‘ಆಡ್’ ಮತ್ತು ‘ಸಿಮಿಲಿಸ್’ ಎಂದಾಗುತ್ತದೆ. ‘ಎಸ್’ನ ವೇಷ ತೊಟ್ಟ ಆರೋಪಿಯೇ ದೋಷಾರೋಪ ಪಟ್ಟಿಯ ಶೀರ್ಷಿಕೆಯಲ್ಲಿ ಕುಳಿತಿದ್ದರೂ ವಿದ್ವಜ್ಜನರು ಗಮನಿಸಿದಂತಿಲ್ಲ.

ಪ್ರಸ್ತುತ ಪ್ರಬಂಧದ ಸಿದ್ಧಾಂತ ಹೀಗಿದೆ: ‘ಆಡ್’ ಎಲ್ಲಿ ಅರ್ಥದಲ್ಲಿ ಬಾಗುತ್ತದೋ ಅಲ್ಲಿ ರೂಪದಲ್ಲಿ ಸೆಟೆದು ನಿಲ್ಲುತ್ತದೆ, ಎಲ್ಲಿ ಅರ್ಥದಲ್ಲಿ ಮೈಮೇಲೆ ಬೀಳುತ್ತದೋ ಅಲ್ಲಿ ರೂಪದಲ್ಲಿ ಕಾಲಿಗೆ ಬೀಳುತ್ತದೆ. ಇದನ್ನು ವಿಪರೀತ ವಿನಯ ನ್ಯಾಯವೆಂದು ಕರೆಯೋಣ. ಆರಾಧಿಸುವುದಕ್ಕೆ ಅಡೋರ್, ಮೆಚ್ಚಿ ಬೆರಗಾಗುವುದಕ್ಕೆ ಅಡ್ಮೈರ್, ಅಂಟಿಕೊಂಡಿರುವುದಕ್ಕೆ ಅಡ್ಹಿಯರ್, ಒಗ್ಗಿಕೊಳ್ಳುವುದಕ್ಕೆ ಅಡಾಪ್ಟ್. ಇಷ್ಟೆಲ್ಲ ನಮ್ರ ಕ್ರಿಯೆಗಳಲ್ಲಿ ‘ಡಿ’ ಒಂದು ಕೂದಲಿನಷ್ಟೂ ಅಲುಗಿಲ್ಲ. ಅಡ್ಜಸ್ಟ್ ಎಂಬ ಪದವಂತೂ ಈ ನ್ಯಾಯದ ಕಿರೀಟ. ‘ಪಕ್ಕ’ ಎಂಬರ್ಥದ ‘ಯುಕ್ಸ್‌ತಾ’ದ ಜೊತೆ ‘ಆಡ್’ ಸೇರಿ ಹುಟ್ಟಿದ, ಹಳೆಯ ಫ್ರೆಂಚಿನಲ್ಲಿ ಬೆಳೆದ ಶಬ್ದವಿದು. ಮೂರು ಜನರ ಸೀಟಿಗೆ ನಾಲ್ಕನೆಯವರಾಗಿ ಬಂದವರು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎನ್ನುವಾಗ ಕರ್ನಾಟಕದ ಬಸ್ಸಿನಲ್ಲಿ ಅದರ ಮೂಲಾರ್ಥ ಅಕ್ಷರಶಃ ಜಾರಿಗೆ ಬರುತ್ತದೆ. ಇಡೀ ನಿಘಂಟಿನಲ್ಲಿ ಅಡ್ಜಸ್ಟ್ ಆಗಲೇಬೇಕಾಗಿದ್ದ ಉಪಸರ್ಗವೊಂದಿದ್ದರೆ ಅದು ಈ ಪದದ್ದು. ಅದು ಆಗಿಲ್ಲ. ಇತ್ತ ಅಗ್ರೆಶನ್ ನೋಡಿ. ಎದುರಾಳಿಯ ಕಡೆಗೆ ಹೆಜ್ಜೆಯಿಡುವುದೇ ಅದರ ಮೂಲ, ಆದರೆ ಹೆಜ್ಜೆಯಿಡುವ ಮೊದಲೇ ಧಾತುವಿನ ‘ಜಿ’ಗೆ ಶರಣು. ಮೇಲೆ ಹಾರುವ ಅಸಾಲ್ಟ್, ಹೊಡೆದು ಕೆಡಹುವ ಅಫ್ಲಿಕ್ಟ್, ಹಿಡಿದು ನಿಲ್ಲಿಸುವ ಅರೆಸ್ಟ್ ಎಲ್ಲದರದ್ದೂ ಅದೇ ಕಥೆ. ತನಗಲ್ಲದ್ದನ್ನು ತನ್ನದೆಂದು ಕೇಳುವುದೇ ಅರೋಗನ್ಸ್, ಅಂದರೆ ಅಹಂಕಾರ. ಆ ಅಹಂಕಾರದಲ್ಲೂ ‘ಡಿ’ ತನ್ನ ಜಾಗವನ್ನು ಸದ್ದಿಲ್ಲದೆ ‘ಆರ್’ಗೆ ಬಿಟ್ಟುಕೊಟ್ಟಿದೆ.

ಅಡಿಕ್ಟ್ ಎಂಬ ಪದವನ್ನು ಇಲ್ಲಿ ವಿಶೇಷವಾಗಿ ಪರಿಶೀಲಿಸಬೇಕು. ಇಂದು ವ್ಯಸನಿಗೆ ಸಲ್ಲುವ ಈ ಹೆಸರು ರೋಮಿನಲ್ಲಿ ಸಾಲಗಾರನದ್ದಾಗಿತ್ತು. ನ್ಯಾಯಾಧಿಕಾರಿ ವಿಧಿವತ್ತಾಗಿ ನುಡಿದು ಯಾರನ್ನು ಸಾಲಕೊಟ್ಟವನ ವಶಕ್ಕೆ ಒಪ್ಪಿಸುತ್ತಿದ್ದನೋ ಅವನೇ ‘ಅದ್ದಿಕ್ತುಸ್’. ಕ್ರಿ.ಪೂ. 450ರ ಸುಮಾರಿನ ಹನ್ನೆರಡು ಫಲಕಗಳ ಕಾನೂನಿನಂತೆ ಅವನನ್ನು 60 ದಿನ ಸಂಕೋಲೆಯಲ್ಲಿಡಬಹುದಿತ್ತು, ಸಂತೆಯ ದಿನ ಅಧಿಕಾರಿಯ ಮುಂದೆ ಸಾಲದ ಮೊತ್ತವನ್ನು ಕೂಗಿ ಹೇಳಿಸಬಹುದಿತ್ತು, ಆಗಲೂ ಸಾಲ ತೀರದಿದ್ದರೆ ಟೈಬರ್ ನದಿಯಾಚೆ ಮಾರಬಹುದಿತ್ತು. ಮನುಷ್ಯನ ಸ್ಥಿತಿ ಇದಕ್ಕಿಂತ ಕೆಳಗಿಳಿಯಲಾರದು. ಉಪಸರ್ಗದ ಸ್ಥಿತಿಯಾದರೋ ಇದಕ್ಕಿಂತ ಮೇಲೇರಲಾರದು, ಏಕೆಂದರೆ ಎದುರಿನ ಧಾತುವೂ ‘ಡಿ’ಯಿಂದಲೇ ಆರಂಭವಾಗುವುದರಿಂದ ಇಲ್ಲಿ ಅದು ವೇಷ ಬದಲಿಸಲೇಬೇಕಾಗಿಲ್ಲ. ಜೋಡಿ ಅಕ್ಷರದ ವೈಭವವೂ ಉಂಟು, ಸ್ವಂತ ಅಕ್ಷರದ ಮಾನವೂ ಉಂಟು. ಅರ್ಥ ಪೂರ್ತಿ ಗುಲಾಮಗಿರಿಯಾದಾಗಲೇ ರೂಪಕ್ಕೆ ಪೂರ್ತಿ ಸ್ವಾತಂತ್ರ್ಯ ಸಿಕ್ಕಿದೆ ಎಂದಮೇಲೆ ನಮ್ಮ ನ್ಯಾಯಕ್ಕೆ ಬೇರೆ ಸಾಕ್ಷಿ ಬೇಡ. ಆದರೂ ಕೊಡಲಾಗುವುದು.

ಧ್ವನಿಶಾಸ್ತ್ರಜ್ಞರ ಪೂರ್ವಪಕ್ಷ ಎಲ್ಲರಿಗೂ ತಿಳಿದದ್ದೇ. ಸ್ವರಗಳ ಮುಂದೆ, ಹ, ಜ, ಮ, ವ ಧ್ವನಿಗಳ ಮುಂದೆ ‘ಡಿ’ ಉಳಿಯುತ್ತದೆ, ಉಳಿದೆಡೆ ನಾಲಿಗೆಯ ಅನುಕೂಲಕ್ಕಾಗಿ ಬದಲಾಗುತ್ತದೆ, ಇದರಲ್ಲಿ ವಿನಯವೂ ಇಲ್ಲ ದರ್ಪವೂ ಇಲ್ಲ ಎನ್ನುತ್ತಾರೆ ಅವರು. ನಾಲಿಗೆಯ ಅನುಕೂಲವೇ ಕಾರಣವಾಗಿದ್ದರೆ ರೋಮನ್ನರು ಕಲ್ಲಿನ ಮೇಲೂ ಹಸ್ತಪ್ರತಿಗಳಲ್ಲೂ ಎಷ್ಟೋ ಕಡೆ ‘ಡಿ’ಯನ್ನು ಹಾಗೆಯೇ ಉಳಿಸಿದ್ದೇಕೆ? ಕಲ್ಲು ಕೆತ್ತುವ ಉಳಿಗೆ ನಾಲಿಗೆಯಿಲ್ಲವೆಂಬ ಉತ್ತರ ಜಾಣತನದ್ದಾಯಿತೇ ಹೊರತು ಶಾಸ್ತ್ರದ್ದಾಗಲಿಲ್ಲ. ಈ ಕಾಗುಣಿತದ ಗೊಂದಲ ಕ್ರಿ.ಪೂ. 2ನೇ ಶತಮಾನದಲ್ಲೇ ಇತ್ತು. ವಿಡಂಬನಕವಿ ಲುಸಿಲಿಯಸ್ ಇಂಥದೊಂದು ಪದವನ್ನು ‘ಡಿ’ಯಿಂದ ಬರೆಯಬೇಕೋ ‘ಸಿ’ಯಿಂದಲೋ ಎಂದು ತಲೆಕೆಡಿಸಿಕೊಳ್ಳಬೇಡಿ ಎಂದುಬಿಟ್ಟ. ವಿಡಂಬನಕಾರನೇ ಕೈಬಿಟ್ಟ ಸಮಸ್ಯೆಯನ್ನು ಎರಡು ಸಾವಿರ ವರ್ಷಗಳಿಂದ ಪ್ರಾಧ್ಯಾಪಕರು ಗಂಭೀರವಾಗಿ ಹಿಡಿದುಕೊಂಡಿದ್ದಾರೆ. ಅವನಿಗೂ ಹಿಂದಿನ ನಾಟಕಕಾರ ಪ್ಲಾಟಸ್ ವಿಷಯದ ತಿರುಳನ್ನು ಇನ್ನಷ್ಟು ಬಲ್ಲವನಾಗಿದ್ದ. ಅವನ ‘ಪೋಯ್ನುಲುಸ್’ ಪ್ರಹಸನದಲ್ಲಿ ಯಜಮಾನ ಎಲ್ಲಿದ್ದೀಯೆಂದು ಕೂಗಿದಾಗ ಆಳು ‘ಇಲ್ಲೇ ಇದ್ದೇನೆ’ ಎಂಬರ್ಥದಲ್ಲಿ ‘ಅದ್ಸುಮ್’ ಅನ್ನಬೇಕು. ‘ಡಿ’ ಶರಣಾಗಿ ಅದು ‘ಅಸ್ಸುಮ್’ ಆಗುತ್ತದೆ, ‘ಸುಟ್ಟದ್ದು’ ಎಂಬ ಅಡುಗೆಮನೆಯ ಪದವೂ ಹಾಗೆಯೇ ಕೇಳಿಸುತ್ತದೆ. ನೀನು ಬೆಂದಿದ್ದರೆ ಲೇಸಿತ್ತು ಎಂಬುದು ಯಜಮಾನನ ಮರುಮಾತು. ಗುರುತು ಬಿಟ್ಟುಕೊಟ್ಟ ಉಪಸರ್ಗದಿಂದಾಗಿ ಒಬ್ಬ ಸೇವಕ ಹಾಜರಿಯಿಂದ ಹಂಡೆಯವರೆಗೆ ಹೋದದ್ದನ್ನು ನಾಲಿಗೆಯ ಅನುಕೂಲವೆಂದು ಕರೆಯುವುದು ಕ್ರೌರ್ಯ.

ಇನ್ನೊಂದು ಆಕ್ಷೇಪ ಸ್ವಲ್ಪ ತೂಕದ್ದು. ಅಪ್ಲಾಸ್ ಅಂದರೆ ಚಪ್ಪಾಳೆ, ಅಲೈ ಅಂದರೆ ಮಿತ್ರ, ಅಕಾಮಡೇಟ್ ಅಂದರೆ ಇಂಬು ಕೊಡು. ಅರ್ಥಗಳೆಲ್ಲ ಮೃದು, ಆದರೂ ಜೋಡಿ ಅಕ್ಷರ ಬಂದಿದೆಯಲ್ಲ? ಮೃದು ಎಂದವರು ಯಾರು? ಚಪ್ಪಾಳೆಯ ಧಾತುವಿಗೆ ಮೊದಲ ಅರ್ಥವೇ ಬಡಿಯುವುದು. ನೀರೋ ಚಕ್ರವರ್ತಿ ತನ್ನ ಗಾಯನಕ್ಕೆಂದು ಐದು ಸಾವಿರಕ್ಕೂ ಹೆಚ್ಚು ಗಟ್ಟಿಮುಟ್ಟು ತರುಣರನ್ನು ಗೊತ್ತುಮಾಡಿ, ಅಲೆಕ್ಸಾಂಡ್ರಿಯಾದ ಶೈಲಿಯಲ್ಲಿ ಚಪ್ಪಾಳೆ ಕಲಿಸಿದನೆಂದು ಸ್ವೆಟೋನಿಯಸ್ ದಾಖಲಿಸಿದ್ದಾನೆ. ಗುಂಯ್‌ಗುಡುವ ಚಪ್ಪಾಳೆ, ಹೆಂಚಿನ ಚಪ್ಪಾಳೆ, ಇಟ್ಟಿಗೆಯ ಚಪ್ಪಾಳೆ ಎಂದು ಅದರಲ್ಲಿ ಪ್ರಭೇದಗಳೂ ಇದ್ದವು. ಹೆಂಚು ಇಟ್ಟಿಗೆಗಳ ಹೆಸರು ಹೊತ್ತ ಕ್ರಿಯೆಯನ್ನು ಮೃದುವೆಂದು ಕೇಳುಗರು ಒಪ್ಪುತ್ತಿದ್ದರೇ? ಮಿತ್ರನ ವಿಷಯವೂ ಅಷ್ಟೆ: ಅಲೈ ಮತ್ತು ಅಲಾಯ್ ಎರಡೂ ‘ಕಟ್ಟಿಹಾಕು’ ಎಂಬ ಒಂದೇ ಕ್ರಿಯಾಪದದ ಮಕ್ಕಳು, ಒಬ್ಬ ಮಿತ್ರಪಕ್ಷ, ಇನ್ನೊಬ್ಬ ಮಿಶ್ರಲೋಹ. ಸಮ್ಮಿಶ್ರ ಸರ್ಕಾರಗಳನ್ನು ಕಂಡ ಓದುಗರಿಗೆ ಇದರ ಮೇಲೆ ಟಿಪ್ಪಣಿ ಬೇಕಿಲ್ಲ. ಅಕಾಮಡೇಟ್ ಮಾತ್ರ ನಿಜವಾಗಿ ಉದಾರ ಪದ, ತನ್ನೊಳಗೆ ಎರಡು ‘ಸಿ’ಗೂ ಎರಡು ‘ಎಮ್’ಗೂ ಜಾಗ ಮಾಡಿಕೊಟ್ಟಿದೆ. ವಸತಿಗೃಹದ ಬೋರ್ಡು ಬರೆಯುವವರು ಎರಡನೆಯ ‘ಎಮ್’ಅನ್ನು ಹೊರಗೆ ನಿಲ್ಲಿಸುವುದು ಕೋಣೆ ಖಾಲಿಯಿಲ್ಲವೆಂಬುದರ ಪ್ರಾಮಾಣಿಕ ಸೂಚನೆಯೆಂದೇ ತಿಳಿಯಬೇಕು. ಇನ್ನು ಅಡ್ವರ್ಸರಿ, ಅಂದರೆ ಶತ್ರುವಿನಲ್ಲಿ ‘ಡಿ’ ಉಳಿದಿದೆಯೆಂದು ಗೆದ್ದವರಂತೆ ಬೀಗುವವರಿಗೆ ಉತ್ತರ ಸುಲಭ: ಆ ಪದದ ಮೂಲಾರ್ಥ ನಮ್ಮತ್ತ ಮುಖ ತಿರುಗಿಸಿ ನಿಂತವನು. ಮುಖ ಕೊಟ್ಟು ನಿಂತವನು ಹೆಸರು ಮರೆಸಬೇಕಾಗಿಲ್ಲ.

ಏನೂ ಅಲ್ಲದ್ದರ ಮುಂದೆಯೂ ‘ಆಡ್’ ಬಾಗುವುದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಅನೈಹಿಲೇಟ್ ಪದದಲ್ಲಿ ಎದುರಿಗಿರುವುದು ‘ನಿಹಿಲ್’, ಅಂದರೆ ಶೂನ್ಯ. ಅದರ ಮುಂದೆಯೂ ‘ಡಿ’ಯನ್ನು ಬಿಟ್ಟು ‘ಎನ್’ ತೊಟ್ಟಾಗಿದೆ. ಲಾಭವಿಲ್ಲದ ಕಡೆಯೂ ಸಲಾಮು ಹೊಡೆಯುವುದೆಂದರೆ ವಿನಯ ಇಲ್ಲಿ ಲೆಕ್ಕಾಚಾರದಿಂದ ಅಭ್ಯಾಸಕ್ಕೆ ಇಳಿದಿದೆ ಎಂದರ್ಥ. ಅಭ್ಯಾಸ ಇನ್ನೂ ಬಲಿತಾಗ ಏನಾಗುತ್ತದೆಂಬುದಕ್ಕೆ ಮೇಲೇರುವ ಅಸೆಂಡ್, ಮಹತ್ತ್ವಾಕಾಂಕ್ಷೆಯ ಅಸ್ಪೈರ್ ಸಾಕ್ಷಿ. ಅಲ್ಲಿ ‘ಡಿ’ ಬದಲಾಗುವುದೂ ಇಲ್ಲ, ಪೂರ್ತಿ ಕಾಣೆಯಾಗುತ್ತದೆ. ಏರಬೇಕೆನ್ನುವವರು ತಮ್ಮದೆಂಬ ಕೊನೆಯ ಅಕ್ಷರವನ್ನೂ ಕೆಳಗೇ ಬಿಟ್ಟು ಏರಬೇಕು. ಇದು ರೋಮಿನವರಿಗಷ್ಟೇ ಅಂಟಿದ ಜಾಡ್ಯವೆಂದು ಹಿಗ್ಗುವ ಕನ್ನಡ ಪಂಡಿತರು ತಾವು ನಿತ್ಯ ಬಳಸುವ ಸಂಸ್ಕೃತದ ‘ಉತ್’ ಉಪಸರ್ಗವನ್ನು ಗಮನಿಸಲಿ. ಉಜ್ಜ್ವಲದಲ್ಲಿ ಅದು ಜಕಾರ, ಉಚ್ಚಾರದಲ್ಲಿ ಚಕಾರ, ಉಲ್ಲಾಸದಲ್ಲಿ ಲಕಾರ. ‘ಮೇಲಕ್ಕೆ’ ಎಂಬರ್ಥದ ಈ ಉಪಸರ್ಗ ‘ನತಿ’ಯ ಮುಂದೆ, ಅಂದರೆ ಬಾಗುವಿಕೆಯ ಮುಂದೆ, ತನ್ನ ತಕಾರವನ್ನು ನಕಾರಕ್ಕೆ ಒಪ್ಪಿಸಿದಾಗ ಹುಟ್ಟಿದ ಪದವೇ ‘ಉನ್ನತಿ’. ವ್ಯಾಕರಣಕಾರರು ಇದನ್ನು ಅನುನಾಸಿಕ ಸಂಧಿ ಎನ್ನುತ್ತಾರೆ. ಬಡ್ತಿಯ ಕಡತಗಳನ್ನು ನೋಡಿದವರು ಬೇರೆ ಹೆಸರು ಸೂಚಿಸಬಹುದು.

ಕೊನೆಯದಾಗಿ ನಕಲಿಗಳ ವಿಚಾರ. ಹಳೆಯ ಇಂಗ್ಲಿಷಿನ ಅಚ್ಚ ಮನೆಮಾತಾದ ಅಫರ್ಡ್, ಲ್ಯಾಟಿನ್ನಿನ ಗಂಧವೇ ಇಲ್ಲದಿದ್ದರೂ, ದೊಡ್ಡವರ ಸಾಲಿನಲ್ಲಿ ಕೂರುವ ಆಸೆಯಿಂದ ಎರಡು ‘ಎಫ್’ ಹಚ್ಚಿಕೊಂಡಿದೆ. ಅರಬ್ಬಿಯ ‘ಅಮೀರ್’ನಿಂದ ಬಂದ ಅಡ್ಮಿರಲ್, ಸಮುದ್ರದ ದಾರಿಯಲ್ಲೆಲ್ಲೋ ‘ಡಿ’ಯೊಂದನ್ನು ಹತ್ತಿಸಿಕೊಂಡಿದ್ದಾನೆ. ಇವರಿಬ್ಬರನ್ನೂ ಕ್ಷಮಿಸಬಹುದು. ಅಡ್ವಾನ್ಸ್ ಮಾತ್ರ ಬೇರೆ ದರ್ಜೆಯ ಪ್ರಕರಣ. ಅದರ ಮೂಲ ‘ಅಬಾಂತೆ’. ‘ಆಡ್’ಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಫ್ರೆಂಚಿನಲ್ಲಿ ಅದು ಇಂದಿಗೂ ‘ಡಿ’ಯಿಲ್ಲದೆ ‘ಅವಾನ್ಸೇ’ ಎಂದೇ ಬದುಕುತ್ತಿದೆ. ಇಂಗ್ಲಿಷಿನ ವಿದ್ವಾಂಸರು ಇಲ್ಲೊಂದು ‘ಆಡ್’ ಕಳೆದುಹೋಗಿದೆಯೆಂದು ತಪ್ಪಾಗಿ ಭಾವಿಸಿ, ತಾವೇ ಮುಂದಾಗಿ ‘ಡಿ’ಯನ್ನು ತುಂಬಿಕೊಟ್ಟರು. ತಪ್ಪು ಗೊತ್ತಾದ ಮೇಲೂ, ಒಮ್ಮೆ ಕೈಗೆ ಬಂದ ಆ ‘ಡಿ’ಯನ್ನು ಅಡ್ವಾನ್ಸ್ ಈವರೆಗೆ ಹಿಂದಿರುಗಿಸಿಲ್ಲ. ಬೆಂಗಳೂರಿನಲ್ಲಿ ಬಾಡಿಗೆಮನೆ ಖಾಲಿ ಮಾಡಿದ ಯಾರೂ ಇದಕ್ಕೆ ಆಧಾರ ಕೇಳಲಾರರು.