ಮಕ್ಕಳನ್ನು ಒಳಗೆ ಕೂಡಿಸಿ ಕೀಲಿ ಜಡಿದ ಮಹನೀಯರಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಸಮಸ್ತ ತಂದೆ-ತಾಯಿಗಳಿಗೆ ಶರಣು ಶರಣಾರ್ಥಿ.

ಮೊದಲು ನನ್ನ ಅಭಿನಂದನೆ ಸ್ವೀಕರಿಸಬೇಕು. ಮಕ್ಕಳನ್ನು ಬಯಲಿನಿಂದ ಬಿಡಿಸುವ ಕೆಲಸವನ್ನು ಮುಂಬೈಯಲ್ಲಾದರೆ ಕಟ್ಟಡಗಳೇ ಮಾಡಿಬಿಡುತ್ತವೆ. ಅಲ್ಲಿಯ ತಂದೆ-ತಾಯಿಗಳ ಹೆಚ್ಚುಗಾರಿಕೆ ಏನೂ ಇಲ್ಲ. ನಿಮ್ಮದು ಹಾಗಲ್ಲ. ಊರು ದಾಟಿದರೆ ಕಣ್ಣು ಹೋದಷ್ಟು ದೂರ ಎರೆಹೊಲ, ಬಡಗಕ್ಕೆ ಭೀಮೆ, ತೆಂಕಕ್ಕೆ ಕೃಷ್ಣೆ, ನಡುವೆ ಡೋಣಿ. ಇಷ್ಟೆಲ್ಲ ಅಡಚಣೆಯ ನಡುವೆಯೂ ಹತ್ತು ವರ್ಷದ ಕೂಸನ್ನು ಹೊತ್ತು ಮುಳುಗುವವರೆಗೆ ಶಾಲೆ ಮತ್ತು ಕೋಚಿಂಗ್‌ನಲ್ಲಿ, ಉಳಿದ ಹೊತ್ತು ಮೊಬೈಲಿನ ಮುಂದೆ ಕೂಡಿಸಿ, ಕಾಲಿಗೆ ಮಣ್ಣು ಹತ್ತದಂತೆ ಕಾಪಾಡಿದ್ದೀರಿ. ಇದು ಬರೀ ಶಿಸ್ತಿನಿಂದ ಆಗುವ ಕೆಲಸ.

‘ನಿಸರ್ಗಕ್ಕೆ ಕರಕೊಂಡು ಹೋಗ್ರಿ ಅಂತೀರಿ, ನಮ್ಮಲ್ಲಿ ಕಾಡು ಎಲ್ಲೈತ್ರಿ?’ ಎಂಬುದು ನಿಮ್ಮ ಮೊದಲ ಪ್ರಶ್ನೆ. ನ್ಯಾಯವಾದದ್ದೇ. ವಿಜಯಪುರ ಜಿಲ್ಲೆಯಲ್ಲಿ ಕಾಡು ನೂರಕ್ಕೆ ಒಂದು ಪಾಲೂ ಇಲ್ಲ. ಆದರೆ ಈ ಸೀಮೆಯ ಹಿರಿಯರು ಕಾಡಿಗಾಗಿ ಕಾಯುತ್ತ ಕೂರಲಿಲ್ಲ. ಕಾರಹುಣ್ಣಿಮೆಗೆ ಕರಿ ಹರಿಯುವ ಎತ್ತುಗಳ ಹಿಂದೆ ಓಡಬೇಕು, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣು ಕಲಸಬೇಕು, ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ, ಬುತ್ತಿ ಕಟ್ಟಿಕೊಂಡು ಬಯಲಿಗೆ ಹೋಗಬೇಕು, ಪಂಚಮಿಗೆ ಮರಕ್ಕೆ ಜೋಕಾಲಿ, ಸೀಗೆ ಹುಣ್ಣಿಮೆಗೂ ಎಳ್ಳ ಅಮಾವಾಸ್ಯೆಗೂ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಣ್ಣಬೇಕು, ಸಂಕ್ರಾಂತಿಗೆ ನದಿ. ಮುಂಗಾರಿನಿಂದ ಹಿಂಗಾರಿನವರೆಗೆ ಮಗು ಮನೆಯೊಳಗೇ ಉಳಿಯದಂತೆ ಕಟ್ಟಿದ ಪಂಚಾಂಗವಿದು. ನೀವು ಇದನ್ನು ಕೈಬಿಟ್ಟಿಲ್ಲ, ಸುಧಾರಿಸಿದ್ದೀರಿ. ಮಣ್ಣೆತ್ತು ಪೇಟೆಯಿಂದ ಬರುತ್ತದೆ, ಮಗುವಿನ ಬೆರಳು ಸ್ವಚ್ಛ. ಎಳ್ಳ ಅಮಾವಾಸ್ಯೆಗೆ ಕಾರು ಬದುವಿನ ತನಕ ಹೋಗುತ್ತದೆ. ಜೋಳದ ತೆನೆ ಹಿಡಿದು ಒಂದು ಸೆಲ್ಫಿ, ಬನ್ನಿ ಗಿಡದ ಕೆಳಗೆ ಪಾಂಡವರೆಂದು ಇಟ್ಟ ಐದು ಕಲ್ಲುಗಳಿಗೆ ಒಂದು ನಮಸ್ಕಾರ. ಆ ಪಾಂಡವರಿಗಾದರೂ ವನವಾಸ ಹನ್ನೆರಡು ವರ್ಷ ಸಿಕ್ಕಿತ್ತು. ನಿಮ್ಮ ಮಗುವಿಗೆ ಎರಡು ತಾಸು.

ಆಲಮಟ್ಟಿಗೆ ಹೋಗುತ್ತೀರಿ, ನಿಜ. ರಾಕ್ ಗಾರ್ಡನ್ನಿನಲ್ಲಿ ಪ್ರಾಣಿಗಳ ಬೊಂಬೆ ತೋರಿಸಿ, ಸಂಗೀತ ಕಾರಂಜಿ ನೋಡಿ ಬರುತ್ತೀರಿ. ಅದೇ ಜಲಾಶಯದ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುತ್ತವೆ. ಅವುಗಳನ್ನು ನೋಡಲು ಟಿಕೆಟ್ ಇಲ್ಲದಿರುವುದೇ ಅವುಗಳ ಕೊರತೆಯಿರಬೇಕು.

ಇಷ್ಟಕ್ಕೂ ಹೊರಗೆ ಬಿಟ್ಟರೆ ಏನು ಸಿಗುತ್ತದೆ ಎಂದು ಲೆಕ್ಕ ಕೇಳುವವರಿಗೆ ಲೆಕ್ಕವೇ ಕೊಡೋಣ. ಚೀನಾದ ಗುವಾಂಗ್‌ಝೌ ನಗರದ ಹನ್ನೆರಡು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಆರು ಶಾಲೆಗಳ ಮೊದಲ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗಿನ ಅವಧಿ ಕೊಟ್ಟರು. ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ಹೊಸದಾಗಿ ಬಂದವರು ಅಲ್ಲಿ ಶೇ 30.4, ಎಂದಿನಂತೆ ನಡೆದ ಉಳಿದ ಆರು ಶಾಲೆಗಳಲ್ಲಿ ಶೇ 39.5. ಗುವಾಂಗ್‌ಝೌ ಎಲ್ಲಿ, ನಮ್ಮ ಗೊಳಸಂಗಿ ಎಲ್ಲಿ ಎನ್ನುತ್ತೀರಿ. ಕಣ್ಣಿನ ಗುಡ್ಡೆಗೆ ತಾಲ್ಲೂಕಿನ ಗಡಿ ತಿಳಿಯದು. ಅದಕ್ಕೆ ಬೇಕಾದ್ದು ಬಯಲಿನ ಬೆಳಕು. ಬಿಸಿಲು 40 ಡಿಗ್ರಿ ದಾಟುವ ಊರಲ್ಲಿ ಬಯಲೇ ಎಂಬ ಮಾತಿಗೂ ಇಲ್ಲೇ ಉತ್ತರವಿದೆ. ಹಗಲಿನಲ್ಲಿ ಮರದ ನೆರಳಿನ ಬೆಳಕು ಕೂಡ ಟ್ಯೂಬ್‌ಲೈಟ್ ಕೋಣೆಯ ಬೆಳಕಿಗಿಂತ ಹಲವು ಪಟ್ಟು ಪ್ರಖರ. ಬೆಳಗ್ಗೆ, ಸಂಜೆ, ಬೇವಿನ ನೆರಳು ಸಾಕು. ಮಟಮಟ ಮಧ್ಯಾಹ್ನವನ್ನು ಯಾರೂ ಕೇಳಿಲ್ಲ.

ಕಾಲುವೆ, ತೆರೆದ ಬಾವಿ, ಹಾವುಗಳ ಭಯವನ್ನು ಮಾತ್ರ ನಾನು ಗೇಲಿ ಮಾಡಲಾರೆ. ಏತ ನೀರಾವರಿ ಕಾಲುವೆಗಳು ಬಂದ ಮೇಲೆ ನೀರಿನ ಅಪಾಯ ಊರ ಮಗ್ಗುಲಿಗೇ ಬಂದಿದೆ. ಆದರೆ ಇದು ಈಜು ಕಲಿಸಲು, ಜೊತೆಗೆ ದೊಡ್ಡವರೊಬ್ಬರು ಹೋಗಲು ಕಾರಣವಾಗಬೇಕು. ನೀರು ಕಾಣದೆ ಬೆಳೆದ ಹುಡುಗ ಮುಂದೊಂದು ದಿನ ಗೆಳೆಯರೊಡನೆ ಅದೇ ಕಾಲುವೆಗೆ ಹೋಗಿಯೇ ಹೋಗುತ್ತಾನೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಕುರಿ-ಆಡು ಕಾಯುವ ಮಕ್ಕಳು, ದುಡಿಯಲು ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ದಿನವಿಡೀ ಬಿಸಿಲಲ್ಲೇ ಇರುತ್ತಾರಲ್ಲ, ಅವರಿಗೂ ಇದೇ ಉಪದೇಶವೇ? ಅಲ್ಲ. ಅವರಿಗೆ ಬೇಕಾದ್ದು ಸೂರು, ಶಾಲೆ, ಆಡಲು ಬಿಡುವು. ದುಡಿಮೆಯ ಬಯಲು ಆಟದ ಬಯಲಲ್ಲ. ಬಿಂದಿಗೆ ಹೊತ್ತ ಹುಡುಗಿ ನೀರಿಗೆ ಹೋಗಿದ್ದನ್ನು ನಿಸರ್ಗ ವಿಹಾರವೆಂದು ಲೆಕ್ಕ ಹಿಡಿಯಬೇಡಿ. ಒಳಗೆ ಕೂಡಿಸುವಷ್ಟು ಅನುಕೂಲ ಇದ್ದವರಿಗಷ್ಟೇ ಈ ಪತ್ರ.

ಕೊನೆಗೆ ಪರೀಕ್ಷೆ. ಐದನೇ ತರಗತಿಯ ಮಗುವನ್ನು ಸೈನಿಕ ಶಾಲೆ, ನವೋದಯದ ಪ್ರವೇಶಕ್ಕೆ ಅಣಿಗೊಳಿಸಬೇಕು, ಆಟಕ್ಕೆ ಪುರುಸೊತ್ತೆಲ್ಲಿ? ಗೆದ್ದ ಮಗುವಿಗೆ ಸಿಗುವುದೇನು ನೋಡಿ. ವಿಜಯಪುರದ ಸೈನಿಕ ಶಾಲೆಯಲ್ಲಿ ಬೆಳಗಾದರೆ ಕವಾಯತು, ಸಂಜೆಯಾದರೆ ಆಟದ ಮೈದಾನ. ಜಿಲ್ಲೆಯ ನವೋದಯವಿರುವುದು ಆಲಮಟ್ಟಿಯಲ್ಲಿ, ಕೃಷ್ಣೆಯ ಮಗ್ಗುಲಲ್ಲಿ. ಬಯಲಿಗೆ ಹೋಗಲು ಅರ್ಹತೆ ಗಳಿಸಲೆಂದು ಮಗುವನ್ನು ವರ್ಷಗಟ್ಟಲೆ ಕೋಣೆಯಲ್ಲಿ ಕೂಡಿಸುವ ಈ ಯುಕ್ತಿಗೆ ತಲೆಬಾಗುತ್ತೇನೆ. ಸೀಟು ಸಿಗದವರಿಗೆ ಕೋಣೆಯೇ ಗತಿ.

ಆದ್ದರಿಂದ ಒಂದು ಸಣ್ಣ ವಿನಂತಿ. ಕೋಚಿಂಗ್ ಸಂಜೆ ಐದಕ್ಕೆ ಮುಗಿಯುವಂತೆ ಸರ್‌ಗಳಿಗೆ ಹೇಳಿ. ಆಗದಿದ್ದರೆ ಕ್ಲಾಸನ್ನಾದರೂ ಬೇವಿನ ಗಿಡದ ಕೆಳಗೆ ನಡೆಸಲಿ. ಫೀಸು ಎಷ್ಟಿದೆಯೋ ಅಷ್ಟೇ ಇರಲಿ. ಗಿಡಕ್ಕೆ ಬಾಡಿಗೆಯಿಲ್ಲ, ಅವರಿಗೂ ನಾಲ್ಕು ಕಾಸು ಉಳಿದೀತು.

ಇತಿ,
ನಿಮ್ಮ ಹಿತೈಷಿ