ರೀಲಿಲ್ಲದ ಕ್ಯಾಮೆರಾ ಮಾವ

ಗಂಜಾಂ ಎಂದರೆ ಹೊರಗಿನವರಿಗೆ ಅಂಜೂರ, ನಿಮಿಷಾಂಬ ಗುಡಿ, ದರಿಯಾ ದೌಲತ್. ನಮ್ಮ ಬೀದಿಯವರಿಗೆ ಕ್ಯಾಮೆರಾ ಮಾವ. ಹಳೇ ಸಿನಿಮಾ ಕ್ಯಾಮೆರಾ ಕೂಡಿಡುವ ಜನ ಊರಿಗೊಬ್ಬರಾದರೂ ಇರುತ್ತಾರೆ. ಅವರನ್ನು ಕಂಡರೆ ಗುಜರಿ ಅಂಗಡಿಯವನು ಎದ್ದು ನಿಂತು ಕೈಮುಗಿಯುತ್ತಾನೆ, ಮನೆಯಾಕೆ ತಲೆ ಮೇಲೆ ಕೈಹೊತ್ತು ಕೂರುತ್ತಾಳೆ.

ಮಾವನ ಮನೆಯಲ್ಲಿ ಬೀರು ಕ್ಯಾಮೆರಾಗಳದ್ದು, ಅತ್ತೆಯ ಸೀರೆಗಳು ಟ್ರಂಕಿನಲ್ಲಿ. ಸುತ್ತಲೂ ಕಾವೇರಿ, ತೇವಕ್ಕೆ ಲೆನ್ಸಿಗೆ ಬೂಷ್ಟು ಹಿಡಿದೀತೆಂದು ಚಪ್ಪಲಿ ಅಂಗಡಿಗಳಿಂದ ಸಿಲಿಕಾ ಜೆಲ್ ಪೊಟ್ಟಣ ಬೇಡಿ ತರುತ್ತಾರೆ. ಸಾಲದಿದ್ದರೆ ಲೆನ್ಸು ಅಕ್ಕಿ ಡಬ್ಬಿ ಸೇರುತ್ತದೆ. ಯಾರಾದರೂ ಮೊಬೈಲಿನಲ್ಲಿ ವಿಡಿಯೋ ತೆಗೆದರೆ ಸಾಕು, ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿ ‘ಕಾಗಜ್ ಕೆ ಫೂಲ್’ಗೆ ಬೆಳಕು ಹಾಯಿಸಿದ ಕಥೆ ಶುರು. 1959ರ ಆ ಚಿತ್ರ ಮುಗಿಯುವಷ್ಟರಲ್ಲಿ ನಮ್ಮ ಕಾಫಿ ಆರಿ ಕೆನೆಗಟ್ಟಿರುತ್ತದೆ.

ಇಷ್ಟನ್ನು ಸಹಿಸಬಹುದು. ಸಹಿಸಲಾಗದ್ದು ಬೋಲೆಕ್ಸ್. ಸ್ವಿಟ್ಜರ್ಲೆಂಡಿನ ಪೈಯಾರ್ ಕಂಪನಿ 1935ರಲ್ಲಿ ತಂದ 16 ಎಂಎಂ ಮಾದರಿ. ಕರೆಂಟು ಬೇಡ, ಗೋಡೆ ಗಡಿಯಾರದ ಹಾಗೆ ಕೀ ಕೊಟ್ಟರೆ ಸುಮಾರು ಅರ್ಧ ನಿಮಿಷ ಓಡುತ್ತದೆ. ನಮ್ಮ ಗೃಹಪ್ರವೇಶಕ್ಕೆ ಮಾವ ಇದನ್ನು ಹೊತ್ತು ಬಂದರು. ನಮ್ಮಜ್ಜಿಯನ್ನು ಬಿಸಿಲಿನಲ್ಲಿ ನಿಲ್ಲಿಸಿ, “ಅಲ್ಲಿಂದ ನಗ್ತಾ ನಡ್ಕೊಂಡ್ ಬನ್ನಿ” ಅಂದರು. ಕಿರ್ರ್… ಅಜ್ಜಿ ಹೊಸ್ತಿಲು ಮುಟ್ಟುವ ಮೊದಲೇ ಕೀ ಮುಗಿಯಿತು. ಮತ್ತೆ ಕೀ, ಮತ್ತೆ ಅಜ್ಜಿ. ಮುಹೂರ್ತ ಮೀರುತ್ತದೆಂದು ಪುರೋಹಿತರು ಕೂಗುತ್ತಿದ್ದರೆ, ನಾನು ಹೊಟ್ಟೆ ಒಳಗೆಳೆದುಕೊಂಡು, ಹೊಸ ಜುಬ್ಬಾ ಕಾಣುವಂತೆ ಫ್ರೇಮಿನೊಳಕ್ಕೆ ನುಸುಳುತ್ತಿದ್ದೆ.

“ಯಾವಾಗ ತೋರುಸ್ತೀಯಪ್ಪಾ ಪಿಚ್ಚರ್ನ?” ಅಂದಳು ಅಜ್ಜಿ.

“ರೀಲು ಎಲ್ ಸಿಕ್ತದವ್ವಾ? ಸ್ಪ್ರಿಂಗು ಕಚ್ಕಬಾರ್ದು ಅಂತ ಓಡುಸ್ದೆ.”

“ನಿನ್ ಸ್ಪ್ರಿಂಗ್ ಓಡಕ್ಕೆ ನನ್ ಮಂಡಿ ಯಾಕ್ಲಾ ಸವೆಸ್ದೆ?”

ಆ ಅಜ್ಜಿ ಈಗಿಲ್ಲ. ಆ ನಡಿಗೆಯೂ ಎಲ್ಲೂ ದಾಖಲಾಗಲಿಲ್ಲ. ಆದರೂ ಬೀದಿಯ ಹುಡುಗರನ್ನು ಕೂರಿಸಿಕೊಂಡು, ಕ್ಯಾಮೆರಾ ಬಿಚ್ಚಿ, ಸೆಕೆಂಡಿಗೆ 24 ಚಿತ್ರ ಹೇಗೆ ನಿಂತು ನಿಂತು ಸಾಗುತ್ತವೆ ಎಂದು ಮಾವ ತೋರಿಸುವಾಗ ಅವರ ಮೇಲೆ ಮುನಿಸು ನಿಲ್ಲುವುದಿಲ್ಲ.

ಮೊನ್ನೆ ಅವರ ಅಟ್ಟದಲ್ಲಿ ತುಕ್ಕು ಹಿಡಿದ ಡಬ್ಬಿಯೊಂದನ್ನು ತೆರೆದರೆ ವಿನಿಗರ್ ವಾಸನೆ. ಯಾವುದೋ ಕ್ಯಾಮೆರಾ ಜೊತೆ ಬಂದ ರೀಲು, ಯಾರದೋ ಮದುವೆಯದಂತೆ. ಅಸಿಟೇಟ್ ಫಿಲ್ಮು ಸೆಕೆಗೆ, ತೇವಕ್ಕೆ ಕೆಡತೊಡಗಿದರೆ ಬರುವುದು ಇದೇ ಹುಳಿ ವಾಸನೆ. ಆಮೇಲೆ ಸುರುಟಿ ಮುರಿಯುತ್ತದೆ, ಪಕ್ಕದ ರೀಲನ್ನೂ ಕೆಡಿಸುತ್ತದೆ. ಅದರಲ್ಲಿ ಯಾರ ಮನೆಯ ಹಿರಿಯರು ನಗುತ್ತಾ ನಡೆದಿದ್ದರೋ! ಮಾವ ಮಾತ್ರ ಅದನ್ನು ಬದಿಗೆ ಸರಿಸಿ ಕ್ಯಾಮೆರಾಕ್ಕೆ ಎಣ್ಣೆ ಬಿಡುತ್ತಿದ್ದರು.

ಲೋಹದ ಕ್ಯಾಮೆರಾ ಕಾಯುತ್ತದೆ, ರೀಲು ಕಾಯುವುದಿಲ್ಲ. ನಿಮ್ಮ ಅಟ್ಟದಲ್ಲೂ ಅಂಥ ಡಬ್ಬಿಯಿದ್ದರೆ ತೇವವಿಲ್ಲದ, ತಂಪಾದ ಜಾಗಕ್ಕೆ ಇಳಿಸಿ. ಹುಳಿ ಬರುವ ಮೊದಲೇ ಡಿಜಿಟಲ್ ಪ್ರತಿ ಮಾಡಿಸಿ. ಕ್ಯಾಮೆರಾ ಬೇಡವಾದರೆ ಮಾವನಿಗೇ ಕೊಡಿ. ಅತ್ತೆಗೆ ಮಾತ್ರ ನನ್ನ ಹೆಸರು ಹೇಳಬೇಡಿ.