ಗುಂಡುತೋಪಿನ ಅರ್ಜಿ ಮೇಷ್ಟ್ರು

ಅರ್ಜಿ ಮೇಷ್ಟ್ರು ಒಬ್ಬರಲ್ಲ. ದೊಡ್ಡಬಳ್ಳಾಪುರದ ಕಡೆ ಅವರು ನಿಜವಾಗಿಯೂ ನಿವೃತ್ತ ಹೈಸ್ಕೂಲು ಮೇಷ್ಟ್ರಾಗಿರಬಹುದು. ನೆಲಮಂಗಲದಲ್ಲಿ ಮಾಜಿ ಸೈನಿಕ, ಹೊಸಕೋಟೆಯಲ್ಲಿ ರಿಟೈರಾದ ಬಸ್ ಕಂಡಕ್ಟರು, ದೇವನಹಳ್ಳಿಯಲ್ಲಿ ದ್ರಾಕ್ಷಿ ತೋಟವನ್ನು ಮಗನಿಗೊಪ್ಪಿಸಿ ಹೊತ್ತು ಹೋಗದೆ ಕೂತ ರೈತ. ಹಿಂದಿನ ಕಸುಬು ಏನೇ ಇರಲಿ, ಊರು ಕರೆಯುವುದು ಮಾತ್ರ ಮೇಷ್ಟ್ರು ಎಂದೇ. ಗುರುತು ಹಿಡಿಯುವುದೂ ಸುಲಭ: ಟಿವಿಎಸ್ ಮೊಪೆಡ್ಡು, ಹ್ಯಾಂಡಲಿಗೆ ಸೀರೆ ಅಂಗಡಿಯ ಚೀಲ, ಚೀಲದೊಳಗೆ ಪಹಣಿ, ಗ್ರಾಮ ನಕಾಶೆ, 10 ರೂಪಾಯಿಯ ಪೋಸ್ಟಲ್ ಆರ್ಡರು. ಪಂಚಾಯ್ತಿ ಕಿಟಕಿಯಿಂದ ಆ ಚೀಲ ಕಂಡರೆ ಸಾಕು, ಪಿಡಿಒ ಸಾಹೇಬರಿಗೆ ಯಾವುದೋ ಸ್ಥಳ ಪರಿಶೀಲನೆ ತಟ್ಟನೆ ನೆನಪಾಗುತ್ತದೆ.

ಮೇಷ್ಟ್ರ ಜೀವ ಇರುವುದು ಗುಂಡುತೋಪಿನಲ್ಲಿ. ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆಯ ಹಳ್ಳಿಗಳಿಗೆ ಹಿಂದಿನವರು ಬಿಟ್ಟುಹೋದ ಆಸ್ತಿ ಅದು. ಮಾವು, ಹುಣಸೆ, ನೇರಳೆ, ಹೊಂಗೆ, ಹಲಸು. ಯಾರೊಬ್ಬರದೂ ಅಲ್ಲದ, ಎಲ್ಲರದೂ ಆದ ನೆರಳು. ಹಣ್ಣನ್ನು ಹರಾಜು ಹಾಕಿದರೆ ದುಡ್ಡು ಪಂಚಾಯ್ತಿಗೆ. ತೊಂದರೆ ಶುರುವಾಗುವುದು ‘ಎಲ್ಲರದೂ’ ಎಂಬಲ್ಲಿಯೇ. ಎಲ್ಲರದೂ ಆದ ಜಾಗಕ್ಕೆ ಒಂದು ಅಂಗನವಾಡಿ ಬರುತ್ತದೆ, ಆಮೇಲೆ ನೀರಿನ ಟ್ಯಾಂಕು, ಆಮೇಲೆ ಬಸ್ ಶೆಲ್ಟರು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಹಾರತೊಡಗಿದ ಮೇಲಂತೂ ನೆಲದ ಬೆಲೆಯೂ ಹಾರಿತು. ಪಕ್ಕದ ಜಮೀನಿನ ಬೇಲಿ ವರ್ಷಕ್ಕೆರಡು ಗಜ ತೋಪಿನೊಳಕ್ಕೆ ನಡೆದು ಬರುವ ವಿದ್ಯೆ ಕಲಿತಿತು.

ಬೇಲಿಯ ಈ ನಡಿಗೆಯನ್ನು ತಡೆಯಲು ಮೇಷ್ಟ್ರ ಕೈಲಿರುವ ಮೊದಲ ಅಸ್ತ್ರ 2005ರ ಮಾಹಿತಿ ಹಕ್ಕು ಕಾಯ್ದೆ. ಆದರೆ ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ಮೂವತ್ತು ವರ್ಷ ಮಕ್ಕಳಿಗೆ ಪ್ರಬಂಧ ಬರೆಸಿದವರಿಗೆ ಇದಕ್ಕಿಂತ ಕಠಿಣ ಶಿಕ್ಷೆ ಬೇರೆ ಬೇಕೆ? ಪೀಠಿಕೆಯಲ್ಲೇ ನೂರು ಪದ ಖರ್ಚಾಗುತ್ತದೆ. ಹಾಗಾಗಿ ಒಂದು ತೋಪಿಗೆ ಏಳೆಂಟು ಅರ್ಜಿ.

ಎರಡನೆಯ ಅಸ್ತ್ರ ಮೊಬೈಲಿನ ದಿಶಾಂಕ್ ಆ್ಯಪು. ನಿಂತ ನೆಲದ ಸರ್ವೆ ನಂಬರನ್ನು ಅದು ಅಲ್ಲೇ ತೋರಿಸುತ್ತದೆ. ಇದು ಕೈಗೆ ಬಂದ ದಿನದಿಂದ ಮೇಷ್ಟ್ರು ಮದುವೆ ಊಟಕ್ಕೆ ಹೋದರೂ ಮೊದಲು ನೋಡುವುದು ಛತ್ರ ಕೆರೆ ಅಂಗಳದಲ್ಲಿದೆಯೇ ಎಂದು. ಬೀಗರ ಪಂಕ್ತಿಯಲ್ಲಿ ಕೂತು ‘ಇದು ಖರಾಬು ಕಣ್ರೀ’ ಎಂದು ಗಟ್ಟಿಯಾಗಿ ಸಾರಿದ ಮೇಲೆ ಅವರಿಗೆ ಲಗ್ನಪತ್ರಿಕೆಗಳು ಕಡಿಮೆಯಾಗಿವೆ.

ಮೂರನೆಯದು ಸುಪ್ರೀಂ ಕೋರ್ಟು. ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಿಸಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಬಂದ ತೀರ್ಪು. ಮೇಷ್ಟ್ರು ಅದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಟೀ ಅಂಗಡಿಯಲ್ಲಿ ಅವರು ‘ಜಗಪಾಲ್’ ಎಂದರೆ ಸಾಕು, ಬೆಂಚು ಖಾಲಿ.

ಜೂನ್ 5ರ ಪರಿಸರ ದಿನಾಚರಣೆಗೆ ಗಿಡ ನೆಡಲು ಬರುವ ಗಣ್ಯರಿಗೂ ಇವರ ಕಾಟ ತಪ್ಪಿದ್ದಲ್ಲ. ಶಾಲು, ಹಾರ, ಫೋಟೊ ಎಲ್ಲ ಮುಗಿದು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಮೇಷ್ಟ್ರು ರಿಜಿಸ್ಟರು ಹಿಡಿದು ನಿಂತಿರುತ್ತಾರೆ: ನೆಟ್ಟವರ ಹೆಸರು, ಗಿಡದ ಜಾತಿ, ಮೊಬೈಲ್ ನಂಬರು, ಸಹಿ. ಬೇಸಿಗೆಯಲ್ಲಿ ಫೋನು ಹೋಗುತ್ತದೆ. ‘ಸಾರ್, ತಮ್ಮ ನೇರಳೆ ನಿನ್ನೆ ಸಾಯಂಕಾಲ ತೀರಿಕೊಂಡಿತು.’ ಒಬ್ಬರು ಗಾಬರಿಯಲ್ಲಿ ‘ಅಯ್ಯೋ, ವಯಸ್ಸೆಷ್ಟಾಗಿತ್ತು?’ ಎಂದರಂತೆ. ‘ಹತ್ತು ತಿಂಗಳು ಸಾರ್. ನೀರಿಲ್ಲದೆ ಹೋಯಿತು.’ ಮರುದಿನವೇ ಟ್ಯಾಂಕರು ಬಂತು.

ಅರಣ್ಯ ಇಲಾಖೆಯಲ್ಲಿ ಮೇಷ್ಟ್ರು ಮನಸಾರೆ ಮೆಚ್ಚುವುದು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು. ರೈತನಿಗೆ ಅಲ್ಲಿ ದುಡ್ಡು ಸಿಗುವುದು ಗಿಡ ನೆಟ್ಟಿದ್ದಕ್ಕಲ್ಲ, ಗಿಡ ಬದುಕಿದ್ದಕ್ಕೆ: ಮೊದಲ ವರ್ಷ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಇದೇ ಲೆಕ್ಕವನ್ನು ಗಣ್ಯರ ಗಿಡಗಳಿಗೂ ತಿರುಗಿಸಿ ಹಚ್ಚಿ ದಂಡ ವಸೂಲು ಮಾಡಬೇಕೆಂಬುದು ಅವರ ಇನ್ನೊಂದು ಅರ್ಜಿ. ಉತ್ತರ ಬಂದಿಲ್ಲ.

ಇಷ್ಟು ಓದಿ ಮೇಷ್ಟ್ರೊಬ್ಬರೇ ತೋಪು ಉಳಿಸಿದರೆಂದು ತಿಳಿದರೆ ಕುರಿ ಕಾಯುವ ಅಜ್ಜಿ ಸಿಟ್ಟಾಗುತ್ತಾಳೆ. ಒಂದು ರಾತ್ರಿ ತೋಪಿಗೆ ನುಗ್ಗಿದ ಜೆಸಿಬಿಯ ಸದ್ದು ಕೇಳಿ ಮೊದಲು ಕೂಗು ಹಾಕಿದವಳು ಅವಳು. ಓಡಿ ಬಂದು ಜೆಸಿಬಿಗೆ ಅಡ್ಡ ನಿಂತದ್ದು ಕ್ರಿಕೆಟ್ ಹುಡುಗರು. ತೋಪು ಹೋದರೆ ಪಿಚ್ಚೂ ಹೋಗುತ್ತಿತ್ತಲ್ಲ. ಬೆಳಗ್ಗೆ ಸರ್ವೇಯರು ಬಂದು ಚೈನು ಎಳೆದರೆ ಬಾಂದು ಕಲ್ಲೇ ನಾಪತ್ತೆ. ಅದು ಒಂದು ಬಚ್ಚಲಿನ ಹಿಂದೆ ಬಟ್ಟೆ ಒಗೆಯುವ ಕಲ್ಲಾಗಿ ನೆಮ್ಮದಿಯಾಗಿತ್ತು, ಅದರ ಮೇಲೆ ಅರ್ಧ ಸೋಪು. ಪತ್ತೆ ಹಚ್ಚಿದವಳೂ ಅಜ್ಜಿಯೇ.

ಅದೇ ಅಜ್ಜಿ ಮೇಷ್ಟ್ರನ್ನು ಸೋಲಿಸಿದ್ದೂ ಉಂಟು. ತೋಪು ಗೆದ್ದ ಹುಮ್ಮಸ್ಸಿನಲ್ಲಿ ಅವರು ಸುತ್ತ ತಂತಿ ಬೇಲಿ, ನಡುವೆ ಇಂಟರ್‌ಲಾಕ್ ಟೈಲ್ಸಿನ ವಾಕಿಂಗ್ ಪಾತು, ಗೇಟಿಗೆ ‘ಕುರಿ-ಮೇಕೆಗಳಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು ಎಂದು ಅಂದಾಜುಪಟ್ಟಿ ಬರೆದರು. ‘ತೋಪು ಮಾಡಿದ್ದು ಕುರಿ ಮಲಗೋಕೆ ಮೇಷ್ಟ್ರೇ, ನಿಮ್ ಫೈಲು ಮಲಗೋಕಲ್ಲ’ ಎಂದಳು ಅಜ್ಜಿ. ಗ್ರಾಮಸಭೆ ನಕ್ಕಿತು. ಎಳೆ ಗಿಡಗಳಿಗೆ ಮಾತ್ರ ಜಾಲಿಮುಳ್ಳು ಕಟ್ಟುವುದು, ಉಳಿದಲ್ಲಿ ಕುರಿ, ಕ್ರಿಕೆಟ್ಟು ಎರಡೂ ಇರಲಿ ಎಂದು ತೀರ್ಮಾನವಾಯಿತು. ಅಜ್ಜಿ ಹೇಳಿದ್ದೇ ಸರಿ. ಜನ ಕೂರದ, ದನ ನಿಲ್ಲದ ತೋಪನ್ನು ಯಾರಾದರೂ ಕಬಳಿಸಿದರೆ ಗೊತ್ತಾಗುವುದೇ ಮೂರು ವರ್ಷದ ಮೇಲೆ.

ಮೇಷ್ಟ್ರು ವರ್ಷಕ್ಕೊಮ್ಮೆ ಹುಡುಗರನ್ನು ಟೆಂಪೋದಲ್ಲಿ ತುಂಬಿಕೊಂಡು ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಹೋಗುತ್ತಾರೆ. 54 ಎಕರೆ, ಮುನ್ನೂರರಷ್ಟು ಹುಣಸೆ ಮರ. ಚೋಳರ ಕಾಲದವೆಂದು ಜನರ ನಂಬಿಕೆ. 2007ರಲ್ಲಿ ಭಾರತದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದದ್ದು ಇದೇ ತೋಪು. ಸೀಳಿ, ಟೊಳ್ಳಾಗಿ, ಮತ್ತೆ ಚಿಗುರಿ ನಿಂತ ಕಾಂಡಗಳನ್ನು ಮೇಷ್ಟ್ರು ಕೈ ತಾಗಿಸಿ ತೋರಿಸುತ್ತಾರೆ. ಹುಡುಗರು ಬರುವುದು ವಾಪಸು ಹೋಗುವಾಗಿನ ಹೊಸಕೋಟೆ ಬಿರಿಯಾನಿಗೆ ಎಂಬುದು ಅವರಿಗೂ ಗೊತ್ತು. ನಲ್ಲೂರಿಗೆ ಆ ಗೌರವ ಬಂದ 2007ರಲ್ಲೇ ಮಾಗಡಿ ತಾಲ್ಲೂಕು ಬೆಂಗಳೂರು ಗ್ರಾಮಾಂತರ ಬಿಟ್ಟು ಹೊಸ ರಾಮನಗರ ಜಿಲ್ಲೆಗೆ ಸೇರಿ, ಹುಲಿಕಲ್-ಕುದೂರು ರಸ್ತೆಯಲ್ಲಿ 385 ಆಲ ಬೆಳೆಸಿದ ಸಾಲುಮರದ ತಿಮ್ಮಕ್ಕ ‘ನಮ್ಮ ಜಿಲ್ಲೆಯವರು’ ಅಲ್ಲದಾದರು. ಮೇಷ್ಟ್ರು ಆ ಗಡಿಯನ್ನು ಇಂದಿಗೂ ಒಪ್ಪಿಲ್ಲ.

‘ಕಾಗದ ಗೀಚಿ ಏನು ಕಡಿದು ಕಟ್ಟೆ ಹಾಕಿದಿರಿ?’ ಎಂದು ಕೆಣಕುವವರಿಗೆ ಅವರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿನ 13 ಹಳ್ಳಿಗಳ ರೈತರು 2022ರ ಏಪ್ರಿಲ್‌ನಿಂದ 1,198 ದಿನ ಧರಣಿ ಕೂತರು. 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ ಹೇಳಿದ್ದು 2025ರ ಜುಲೈ 15ರಂದು. ‘ಅವರು ಅಷ್ಟು ದಿನ ಕೂತರು. ನನ್ನ ಅರ್ಜಿಯ ಉತ್ತರಕ್ಕೆ ಕಾಯಬೇಕಾದ್ದು ಮೂವತ್ತೇ ದಿನ’ ಎಂದು ಮೇಷ್ಟ್ರು ಮೊಪೆಡ್ಡು ಒದೆಯುತ್ತಾರೆ.

ಓದುಗರಲ್ಲಿ ಇಷ್ಟೇ ಕೋರಿಕೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕೆಂದು ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಮುಂದಿನ ಸಭೆಗೆ ಹೋಗಿ, ನಿಮ್ಮೂರ ಗುಂಡುತೋಪಿನ ಸರ್ವೆ ನಂಬರು ಯಾವುದು, ದಾಖಲೆಯಲ್ಲಿ ಎಷ್ಟು ಎಕರೆ, ಸ್ಥಳದಲ್ಲಿ ಎಷ್ಟು ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಇಸಿದುಕೊಳ್ಳಿ.